ಕಾಫಿ ಕೊಯ್ಲಿನ ತೂಕದ ಮೆಷಿನ್: ತೋಟದಲ್ಲಿ ಪ್ರಯೋಗ ಮಾಡದೆ 40 ಪೀಸ್ ಮಾಡಿಸಬಹುದಾ?

ಹಾಸನ_ಎಲೆಕ್ಟ್ರಾನಿಕ್ಸ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತೋಟದವರು, ಡಿಸೈನ್ ಕೆಲಸ ಗೊತ್ತಿರುವವರು ಇಬ್ಬರೂ ಇಲ್ಲಿದ್ದಾರೆ ಅಂತ ಇಲ್ಲೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

ನಾನೂ ನನ್ನ ಸ್ನೇಹಿತನೂ ಸೇರಿ ಕಾಫಿ ತೋಟಕ್ಕೆಂದೇ ಒಂದು ತೂಕದ ಮೆಷಿನ್ ಮಾಡಿದ್ದೇವೆ. ನೇತುಹಾಕುವ ತಕ್ಕಡಿ, ಕೆಳಗೆ ಕೊಕ್ಕೆ. ಹಣ್ಣು ಕೊಯ್ಯುವ ಪ್ರತಿಯೊಬ್ಬರಿಗೂ ಒಂದು ಕಾರ್ಡ್. ಕಾರ್ಡ್ ಮುಟ್ಟಿಸಿ ಚೀಲ ತೂಗುಹಾಕಿದರೆ ತೂಕ ಬ್ಲೂಟೂತ್‌ನಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ಮೊಬೈಲಿಗೆ ಹೋಗುತ್ತದೆ, ಚೀಲದ ತೂಕ ತಾನೇ ಕಳೆಯುತ್ತದೆ, ವಾರದ ಕೊನೆಗೆ ಯಾರಿಗೆ ಎಷ್ಟು ಕೂಲಿ ಅಂತ ಲೆಕ್ಕ ಸಿದ್ಧ ಇರುತ್ತದೆ. ಈಗ ರೈಟರ್ ನೋಟ್‌ಬುಕ್‌ನಲ್ಲಿ ಬರೆದು, ಬಟವಾಡೆ ಹಿಂದಿನ ರಾತ್ರಿ ಕೂತು ಕೂಡುತ್ತಾರಲ್ಲ, ಆ ಕಷ್ಟ ತಪ್ಪಲಿ ಅಂತ ಇದನ್ನು ಶುರು ಮಾಡಿದ್ದು.

ರೂಮಿನಲ್ಲಿ ಮಾಡಬಹುದಾದ ಪರೀಕ್ಷೆ ಎಲ್ಲ ಮಾಡಿದ್ದೇವೆ. ಮುದ್ರೆ ಇರುವ ತೂಕದ ಬೊಟ್ಟು ಹಾಕಿ ತೂಕ ಸರಿ ಬರುತ್ತದಾ ನೋಡಿದ್ದೇವೆ, 50 ಕೆಜಿ ರಾತ್ರಿಯಿಡೀ ನೇತುಹಾಕಿ ಬಿಟ್ಟಿದ್ದೇವೆ, ನೀರು ಎರಚಿದ್ದೇವೆ, ಸೊಂಟದೆತ್ತರದಿಂದ ಬೀಳಿಸಿದ್ದೇವೆ. ಎಲ್ಲದರಲ್ಲೂ ಪಾಸ್. ಸ್ನೇಹಿತ ಹೇಳುವುದು ಏನೆಂದರೆ ದಸರಾ ಒಳಗೆ 40 ಪೀಸಿಗೆ ಸಾಮಾನು ಆರ್ಡರ್ ಕೊಡದಿದ್ದರೆ ಅರೇಬಿಕಾ ಜಾತಿಯ ಕಾಫಿ ಕೊಯ್ಲಿಗೆ ಮಾಲು ತಲುಪುವುದಿಲ್ಲ, ಒಂದು ವರ್ಷ ಹೋಗುತ್ತದೆ. ಅವನ ಮಾತಿನಲ್ಲೂ ನ್ಯಾಯ ಇದೆ. ಆದರೆ ಇವತ್ತಿನವರೆಗೆ ಈ ಕೊಕ್ಕೆಗೆ ಒಂದು ಚೀಲ ಕಾಫಿ ಹಣ್ಣು ಬಿದ್ದಿಲ್ಲ, ಒಬ್ಬ ರೈಟರ್ ಕೈಗೂ ಇದು ಹೋಗಿಲ್ಲ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಬೇಲೂರು ಹತ್ತಿರ ನಮ್ಮ ಸೋದರಮಾವನ ತೋಟ ಇದೆ, ಅಲ್ಲಿ ನೋಡಬಹುದು. ನನ್ನ ಪ್ರಶ್ನೆ ಇಷ್ಟು: ತೋಟದಲ್ಲಿ ಪ್ರಯೋಗ ಅಂದರೆ ಸರಿಯಾಗಿ ಹೇಗೆ ಮಾಡಬೇಕು? ಎಷ್ಟು ಜನರ ಕೈಯಲ್ಲಿ ಮಾಡಿಸಬೇಕು? ಏನು ನೋಡಬೇಕು? ಮತ್ತು ಇಷ್ಟೆಲ್ಲ ಮಾಡಿ ಈ ಸೀಸನ್ನಿಗೆ ಸಮಯ ಸಿಗುತ್ತದಾ?

---

ಆಲೂರು_ತೋಟದವರು:

ತಮ್ಮಾ, ಮೊದಲು ಒಂದು ವಿಷಯ. ತೋಟದಲ್ಲಿ ತೂಕ ಯಾವ ಹೊತ್ತಿಗೆ ಹಾಕುತ್ತಾರೆ ಗೊತ್ತಾ? ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲಿನಲ್ಲಿ, ಪುರುಸೊತ್ತಾಗಿ ಅಲ್ಲ. ಸಂಜೆ ನಾಲ್ಕರ ಮೇಲೆ. ಎಲ್ಲರೂ ಒಂದೇ ಸಲ ಚೀಲ ಹೊತ್ತುಕೊಂಡು ರಸ್ತೆ ಬದಿಗೆ ಬರುತ್ತಾರೆ. ಟ್ರ್ಯಾಕ್ಟರ್ ನಿಂತಿರುತ್ತದೆ, ಡ್ರೈವರ್‌ಗೆ ಅವಸರ, ಏಕೆಂದರೆ ಅರೇಬಿಕಾ ಹಣ್ಣು ಅವತ್ತೇ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ತೆಗೆಯುವ ಮೆಷಿನ್) ಹೋಗಬೇಕು, ಬಿಟ್ಟರೆ ಹುಳಿ ಬರುತ್ತದೆ. ಹೆಂಗಸರಿಗೆ ಮನೆಗೆ ಹೋಗಿ ಅಡುಗೆ ಮಾಡಬೇಕು, ಮಕ್ಕಳು ಸ್ಕೂಲಿನಿಂದ ಬಂದಿರುತ್ತವೆ. ಡಿಸೆಂಬರ್‌ನಲ್ಲಿ ಸಿಲ್ವರ್ ಓಕ್, ಹಾಲವಾಣದ ನೆರಳಿನ ಕೆಳಗೆ ಐದೂವರೆಗೆಲ್ಲ ಕತ್ತಲು. ಆ ಹೊತ್ತಿಗೆ ಆ ಗಲಾಟೆಯಲ್ಲಿ ನಿಮ್ಮ ಮೆಷಿನ್ ಕೆಲಸ ಮಾಡಬೇಕು. ಬೇರೆ ಹೊತ್ತಿನಲ್ಲಿ ಮಾಡಿ ತೋರಿಸಿದರೆ ಅದು ಪ್ರಯೋಗ ಅಲ್ಲ.

ನಾನು ಹೋಗಿ ನೋಡಿ ಅನ್ನುವ ಜಾಗಗಳು ಇವು.

ತಕ್ಕಡಿ ಎಲ್ಲಿ ನೇತುಹಾಕುತ್ತೀರಿ? ರೂಮಿನಲ್ಲಿ ಗಟ್ಟಿ ಕಂಬಿ ಇರುತ್ತದೆ. ತೋಟದಲ್ಲಿ ಒಂದು ಉದ್ದ ಬಿದಿರು, ಆ ಕಡೆ ಒಬ್ಬ ಈ ಕಡೆ ಒಬ್ಬ ಹೆಗಲ ಮೇಲೆ ಇಟ್ಟುಕೊಂಡಿರುತ್ತಾರೆ, ಮಧ್ಯೆ ತಕ್ಕಡಿ. ನೆಲ ಇಳಿಜಾರು. ಚೀಲ ತೂಗಾಡುತ್ತಲೇ ಇರುತ್ತದೆ. ನಿಮ್ಮ ಮೆಷಿನ್ ನಂಬರ್ ನಿಲ್ಲುವವರೆಗೆ ಕಾಯುತ್ತದೆ ಅಂದರೆ ಬಿದಿರು ಹಿಡಿದವರು ಕಾಯುವುದಿಲ್ಲ, ಇಳಿಸಿಬಿಡುತ್ತಾರೆ. ತೂಗಾಡುವ ಚೀಲದ ತೂಕ ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದು ಬೊಟ್ಟು ಇಟ್ಟು ನೋಡಿದರೆ ತಿಳಿಯುವುದಿಲ್ಲ.

ಕೈ. ಇಡೀ ದಿನ ಹಣ್ಣು ಕೊಯ್ದ ಕೈ ಅಂಟಂಟು, ಮೇಲೆ ಮಣ್ಣು, ಧೂಳು. ಆ ಕೈಯಲ್ಲಿ ಕಾರ್ಡ್ ತೆಗೆಯಬೇಕು. ಎಲ್ಲಿಂದ ತೆಗೆಯುತ್ತಾರೆ? ಸೀರೆ ಮೇಲೆ ಹಳೆ ಶರ್ಟ್, ಸೊಂಟಕ್ಕೆ ಕೊಯ್ಲಿನ ಚೀಲ, ತಲೆಗೆ ಬಟ್ಟೆ. ಕಾರ್ಡ್ ಇಡಲು ಜಾಗ ಎಲ್ಲಿದೆ ಅಂತ ಯೋಚಿಸಿದ್ದೀರಾ? ಮನೆಯಲ್ಲಿ ಮರೆತು ಬಂದರೆ ಅವತ್ತಿನ ತೂಕ ಯಾರ ಲೆಕ್ಕಕ್ಕೆ?

ಗಂಡ ಹೆಂಡತಿ ಒಂದೇ ಚೀಲಕ್ಕೆ ಕೊಯ್ಯುತ್ತಾರೆ. ಕೆಲವು ಸಲ ತಾಯಿ ಮಗಳು. ಬಟವಾಡೆಯಲ್ಲಿ ಮಾತ್ರ ಇಬ್ಬರಿಗೂ ಬೇರೆ ಬೇರೆ ಬೇಕು. ನಮ್ಮ ರೈಟರ್ ಇದನ್ನೆಲ್ಲ ತಲೆಯಲ್ಲೇ ಸರಿ ಮಾಡಿ ಬರೆದುಕೊಳ್ಳುತ್ತಾನೆ. ನಿಮ್ಮ ಮೊಬೈಲ್ ಆಪ್‌ನಲ್ಲಿ ಒಂದು ಚೀಲಕ್ಕೆ ಇಬ್ಬರ ಹೆಸರು ಹಾಕಲು ಬರುತ್ತದಾ?

ಚೀಲದ ತೂಕ ಕಳೆಯುವುದು. ಗೋಣಿ ಒಂದು ತೂಕ, ಪ್ಲಾಸ್ಟಿಕ್ ಚೀಲ ಒಂದು ತೂಕ, ಒದ್ದೆ ಗೋಣಿ ಮತ್ತೊಂದು. ಮಂಜಿನಲ್ಲಿ, ಅಕಾಲ ಮಳೆಯಲ್ಲಿ ಕೊಯ್ದ ದಿನ ಎಷ್ಟು ಕಳೆಯಬೇಕು ಅಂತ ಪ್ರತಿ ವರ್ಷ ಮಾತಾಗುತ್ತದೆ. ಮೆಷಿನ್ ತಾನೇ ಕಳೆಯುತ್ತದೆ ಅಂದಿರಲ್ಲ, ಎಷ್ಟು ಕಳೆಯಿತು ಅಂತ ಯಾರಿಗೂ ಕಾಣದಿದ್ದರೆ ಅಲ್ಲೇ ಜಗಳ.

ಇನ್ನು ರೊಬಸ್ಟಾ. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಕೊಯ್ಲು ಬರುತ್ತದೆ, ಅದರಲ್ಲಿ ಒಬ್ಬೊಬ್ಬರು ತರುವ ತೂಕ ಜಾಸ್ತಿ. ಅವಸರ ಇದ್ದರೆ ಎರಡು ಚೀಲ ಒಟ್ಟಿಗೆ ಕೊಕ್ಕೆಗೆ ಹಾಕುತ್ತಾರೆ. ಹಾಕಬೇಡಿ ಅಂದರೂ ಹಾಕುತ್ತಾರೆ. 50 ಕೆಜಿಗೆ ನಿಲ್ಲಬೇಡಿ, ಅದನ್ನೂ ನೇತುಹಾಕಿ ನೋಡಿ.

ಇದನ್ನೆಲ್ಲ ಹೆದರಿಸಲು ಬರೆದದ್ದಲ್ಲ. ಇಂಥದ್ದು ಒಂದು ಮೆಷಿನ್ ಸರಿಯಾಗಿ ಆದರೆ ನಾನೇ ತೆಗೆದುಕೊಳ್ಳುತ್ತೇನೆ.

---

ಅರಸೀಕೆರೆ_ಡಿಸೈನರ್ (ಈಗ ಬೆಂಗಳೂರು):

ಮೇಲಿನ ಉತ್ತರವನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿಕೊಳ್ಳಿ. ನಾನು ಪ್ರಯೋಗದ ವಿಧಾನದ ಬಗ್ಗೆ ಬರೆಯುತ್ತೇನೆ.

ಬೋರ್‌ವೆಲ್ ಕೈಪಂಪು ನಮ್ಮ ಕಡೆ ಎಲ್ಲರೂ ಹೊಡೆದಿದ್ದೇವೆ ಅಲ್ವಾ, ಆ ಪಂಪಿನ ಕಥೆ ನಿಮ್ಮ ಪ್ರಶ್ನೆಗೆ ನೇರ ಉತ್ತರ. 1960, 70ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಹಾಕಿದ ಬೀಡುಕಬ್ಬಿಣದ ಪಂಪುಗಳು ಯುರೋಪ್, ಅಮೆರಿಕದ ತೋಟದ ಮನೆಗಳ ಪಂಪಿನ ನಕಲು. ಅಲ್ಲಿ ಒಂದು ಮನೆಯವರು ದಿನಕ್ಕೆ ಒಂದಷ್ಟು ಸಲ ಹೊಡೆಯುತ್ತಿದ್ದರು. ಇಲ್ಲಿ ಇಡೀ ಊರು, ಬೆಳಗಾಗುವ ಮೊದಲಿಂದ ರಾತ್ರಿವರೆಗೆ, ಅದೂ ಆಳದ ನೀರಿಗೆ. ಪಂಪು ಕೆಟ್ಟದಾಗಿ ಮಾಡಿದ್ದಲ್ಲ, ಬೇರೆ ಬಳಕೆಗೆ ಮಾಡಿದ್ದು. 1974ರಲ್ಲಿ ಯುನಿಸೆಫ್ ಎಣಿಸಿ ನೋಡಿದಾಗ ಮುಕ್ಕಾಲು ಪಾಲು ಪಂಪು ಕೆಟ್ಟು ನಿಂತಿದ್ದವು. ಆಮೇಲೆ ಸೊಲ್ಲಾಪುರ ಕಡೆಯ ವರ್ಕ್‌ಶಾಪಿನಲ್ಲಿ ಆಗಲೇ ಮಾಡಿ ಬಳಸುತ್ತಿದ್ದ ಪಂಪನ್ನು ಹಿಡಿದುಕೊಂಡು ಇಂಡಿಯಾ ಮಾರ್ಕ್ 2 ಮಾಡಿದರು. ಹಿಡಿಕೆಗೆ ಸರಪಳಿ ಸೇರಿಸಿ ರಾಡು ನೇರ ಮೇಲೆ ಕೆಳಗೆ ಹೋಗುವಂತೆ ಮಾಡಿದ್ದು, ಒಳಗೆ ಬೇರಿಂಗ್ ಹಾಕಿದ್ದು ಎಲ್ಲ ಅದರಲ್ಲಿದೆ. ಅದನ್ನು ಕೊಯಮತ್ತೂರಿನ ಸುತ್ತ, ನೀರು ತುಂಬ ಆಳದಲ್ಲಿರುವ ಊರುಗಳಲ್ಲಿ, ಜನರ ಕೈಗೇ ಕೊಟ್ಟು ನೋಡಿ ತಿದ್ದಿದರು. ಇವತ್ತಿಗೂ ಆಫ್ರಿಕಾದವರೆಗೆ ಅದೇ ಪಂಪು ಇದೆ.

ಇಲ್ಲಿಗೆ ಕಥೆ ಮುಗಿಯುವುದಿಲ್ಲ, ನನಗೆ ಮುಂದಿನ ಭಾಗವೇ ಮುಖ್ಯ. ಮಾರ್ಕ್ 2 ಗಟ್ಟಿ, ಆದರೆ ಅದರ ವಾಷರ್ ಸವೆದರೆ ಬದಲಿಸಲು ಇಡೀ ಪೈಪ್ ಮೇಲಕ್ಕೆ ಎತ್ತಬೇಕು, ಅದಕ್ಕೆ ತಂಡ, ಗಾಡಿ, ಸಲಕರಣೆ ಎಲ್ಲ ಬೇಕು. ಹಳ್ಳಿಯವರು ಬ್ಲಾಕ್ ಆಫೀಸಿನಿಂದ ಗಾಡಿ ಬರುವವರೆಗೆ ಕಾಯಬೇಕು. ಇದು ಬಳಸುತ್ತಾ ಹೋದ ಮೇಲೆ ಎದ್ದು ಕಂಡಿತು. ಅದಕ್ಕೇ 1980ರ ದಶಕದಲ್ಲಿ ಮತ್ತೆ ಕೊಯಮತ್ತೂರು ಕಡೆಯೇ ಪ್ರಯೋಗ ಮಾಡಿ ಮಾರ್ಕ್ 3 ಮಾಡಿದರು. ಅದರಲ್ಲಿ ಪೈಪ್ ಎತ್ತದೆ ಒಳಗಿನ ಪಿಸ್ಟನ್ ಮಾತ್ರ ಎಳೆದು ರಿಪೇರಿ ಮಾಡಬಹುದು. ನಿಮಗೆ ಇದರಿಂದ ಬರುವ ಪ್ರಶ್ನೆ: ಜನವರಿ ಮಧ್ಯದಲ್ಲಿ ಮೆಷಿನ್ ಕೆಟ್ಟರೆ ಮೂಡಿಗೆರೆ ಆಚೆಯ ತೋಟದಲ್ಲಿ ರೈಟರ್ ಏನು ಮಾಡಬೇಕು? ಅವರ ಕೈಯಲ್ಲೇ ಬ್ಯಾಟರಿ ಬದಲಿಸಿ ನೋಡಿಸಿ. ನೀವು ಬದಲಿಸಬೇಡಿ.

ಎಷ್ಟು ಜನ ಅಂತ ಕೇಳಿದ್ದೀರಿ. ವಸ್ತು ಬಳಸಲು ಎಷ್ಟು ಸುಲಭ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಅಂತ ಒಬ್ಬರು, 1993ರಲ್ಲಿ ಥಾಮಸ್ ಲಾಂಡವರ್ ಜೊತೆ ಸೇರಿ ಇದಕ್ಕೆ ಲೆಕ್ಕ ಹಾಕಿದ್ದರು. ಒಬ್ಬರ ಕೈಗೆ ಕೊಟ್ಟರೆ ಸರಾಸರಿ 31% ತೊಂದರೆ ಕಾಣುತ್ತದೆ, ಎರಡನೆಯವರು ಅದರಲ್ಲಿ ಕೆಲವನ್ನು ಮತ್ತೆ ತೋರಿಸಿ ಕೆಲವು ಹೊಸದನ್ನು ಸೇರಿಸುತ್ತಾರೆ, ಹೀಗೆ ಐದು ಜನಕ್ಕೆ ಸುಮಾರು 85% ಸಿಕ್ಕಿಬಿಡುತ್ತದೆ. ಆದರೆ ಈ ಐದರ ಲೆಕ್ಕವನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಅದು ಕಂಪ್ಯೂಟರ್ ಪರದೆಯ ಕೆಲಸ ನೋಡಿ ಹಾಕಿದ ಲೆಕ್ಕ, ಮತ್ತು ಐದೂ ಜನ ಒಂದೇ ಥರದ ಬಳಕೆದಾರರು ಅಂತ ಇಟ್ಟುಕೊಂಡದ್ದು. ನಿಮ್ಮಲ್ಲಿ ರೈಟರ್ ಬೇರೆ, ಕೊಯ್ಯುವವರು ಬೇರೆ, ಕೂಲಿ ಕೊಡುವ ಯಜಮಾನರು ಬೇರೆ. ಒಂದೊಂದು ಗುಂಪಿನಿಂದಲೂ ಮೂರು ನಾಲ್ಕು ಜನ ಬೇಕು. ಆ ಲೆಕ್ಕದ ಮುಖ್ಯ ಮಾತು ಐದು ಅನ್ನುವುದೂ ಅಲ್ಲ. ಕೆಲವರ ಕೈಗೆ ಕೊಡು, ತಿದ್ದು, ಮತ್ತೆ ಬೇರೆ ಕೆಲವರ ಕೈಗೆ ಕೊಡು, ಅಷ್ಟೇ.

ಸೋದರಮಾವನ ತೋಟ ಬೇಡ. ಅಥವಾ ಅದು ಮೊದಲನೆಯದಾಗಲಿ, ಕೊನೆಯದಾಗುವುದು ಬೇಡ. ಮಾವ ನಿಮ್ಮ ಮುಖ ನೋಡಿ "ಚೆನ್ನಾಗಿದೆ ಕಣೋ" ಅನ್ನುತ್ತಾರೆ. ರೈಟರ್ ಯಜಮಾನರ ಮುಖ ನೋಡಿ ಅದನ್ನೇ ಹೇಳುತ್ತಾರೆ. ನಿಮ್ಮ ಪರಿಚಯವೇ ಇಲ್ಲದ ಒಂದು ತೋಟ ಹುಡುಕಿ.

ಅಲ್ಲಿ ಹೋಗಿ ನೀವು ಮಾಡಬೇಕಾದ ಅತಿ ಕಷ್ಟದ ಕೆಲಸ ಸುಮ್ಮನೆ ನಿಲ್ಲುವುದು. ಮೆಷಿನ್ ಕೊಟ್ಟು, ಒಂದು ಸಲ ತೋರಿಸಿ, ದೂರ ನಿಲ್ಲಿ. ರೈಟರ್ ತಪ್ಪು ಬಟನ್ ಒತ್ತಿದಾಗ "ಸಾರ್ ಅದಲ್ಲ, ಪಕ್ಕದ್ದು" ಅಂತ ಬಾಯಿ ಹಾಕಿದರೆ ಅವತ್ತಿನ ಪ್ರಯೋಗ ಕೆಟ್ಟಿತು. ನೀವು ಮಾರುವ 40 ಪೀಸಿನ ಜೊತೆ ನೀವು ಹೋಗಿ ನಿಲ್ಲಲು ಆಗುವುದಿಲ್ಲವಲ್ಲ. ಅವರು ಎಲ್ಲಿ ತಡವರಿಸಿದರು, ಎಲ್ಲಿ ಬಿಟ್ಟು ನೋಟ್‌ಬುಕ್ ತೆಗೆದರು, ಎಲ್ಲಿ ತಮ್ಮದೇ ಉಪಾಯ ಮಾಡಿಕೊಂಡರು, ಅದನ್ನು ಬರೆದುಕೊಳ್ಳಿ. "ಹೇಗಿದೆ?" ಅಂತ ಕೇಳಬೇಡಿ, ಒಳ್ಳೆಯವರು ಒಳ್ಳೆಯ ಮಾತೇ ಹೇಳುತ್ತಾರೆ. "ನಿನ್ನೆ ಕೊನೆಯ ಚೀಲ ತೂಗುವಾಗ ಏನಾಯಿತು ಹೇಳಿ" ಅಂತ ಕೇಳಿ, ಆಗ ನಿಜವಾದ ಸಂಗತಿ ಬರುತ್ತದೆ.

---

ಬಾಳೆಹೊನ್ನೂರು_ಅಕ್ಕ:

ನಮ್ಮ ತಂದೆ ತೋಟದಲ್ಲಿ ರೈಟರ್ ಆಗಿದ್ದವರು, ನಾನು ಈಗ ಒಂದು ತೋಟದ ಲೆಕ್ಕ ನೋಡುತ್ತೇನೆ. ಮೇಲೆ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೆ ಕೊಯ್ಯುವವರ ಕಡೆಯಿಂದ ಒಂದು ಮಾತು ಹೇಳಲೇಬೇಕು.

ಈ ಮೆಷಿನ್‌ನ ನಂಬರ್ ಯಾರ ಕಡೆ ಮುಖ ಮಾಡಿರುತ್ತದೆ? ರೈಟರ್ ಮೊಬೈಲಿಗೆ ಹೋಗುತ್ತದೆ ಅಂದಿರಿ. ಹಾಗಾದರೆ ಚೀಲ ಹೊತ್ತು ತಂದವಳಿಗೆ ಏನು ಕಾಣುತ್ತದೆ? ಈಗಿನ ಗಡಿಯಾರದ ಮುಖದ ಸ್ಪ್ರಿಂಗ್ ತಕ್ಕಡಿಯಲ್ಲಿ ಅಕ್ಷರ ಬಾರದವರೂ ಮುಳ್ಳು ಎಲ್ಲಿ ನಿಂತಿತು ಅಂತ ನೋಡುತ್ತಾರೆ. ನಿನ್ನೆ ಅಲ್ಲಿತ್ತು, ಇವತ್ತು ಇಲ್ಲಿದೆ ಅಂತ ಅವರಿಗೆ ಗೊತ್ತು. ರೈಟರ್ ಜೋರಾಗಿ ತೂಕ ಕೂಗುತ್ತಾರೆ, ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದೇ ಅವರಿಗೆ ಸಾಕ್ಷಿ. ನಿಮ್ಮ ಮೆಷಿನ್ ಮುಳ್ಳನ್ನೂ ತೆಗೆದು ಕೂಗುವುದನ್ನೂ ನಿಲ್ಲಿಸಿಬಿಟ್ಟರೆ, ತೂಕ ಎಷ್ಟು ಸರಿ ಇದ್ದರೂ ಅವರು ನಂಬುವುದಿಲ್ಲ. ನಂಬಬೇಕು ಅಂತ ನಾವು ಹೇಳಲೂ ಬಾರದು. ಅವರ ಅನ್ನದ ಲೆಕ್ಕ ಅದು.

ಎರಡೂ ಕಡೆ ದೊಡ್ಡ ಅಂಕಿ ಕಾಣಲಿ, ಕತ್ತಲಲ್ಲೂ ಕಾಣಲಿ. ಜೊತೆಗೆ ಮೆಷಿನ್ ಬಾಯಿಬಿಟ್ಟು ತೂಕ ಹೇಳಲಿ, ಕನ್ನಡದಲ್ಲೂ ಹಿಂದಿಯಲ್ಲೂ. ಈಗ ಅಸ್ಸಾಂ, ಬಿಹಾರ ಕಡೆಯಿಂದ ಬಂದವರು ಎಷ್ಟೋ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆ) ಇದ್ದಾರೆ, ಅವರಿಗೆ ನಮ್ಮ ಅಂಕಿ, ನಮ್ಮ ಮಾತು ಎರಡೂ ಹೊಸದು. ಹೆಸರಿನ ತೊಂದರೆಯೂ ಇದೆ. ನಮ್ಮ ಪಟ್ಟಿಯಲ್ಲಿ ಲಕ್ಷ್ಮಿ ಎಷ್ಟು ಜನ ಅಂತ ಕೇಳಬೇಡಿ. ರೈಟರ್ ಬರೆದುಕೊಳ್ಳುವುದು "ಮೇಲಿನ ಲೈನ್ ಲಕ್ಷ್ಮಿ", "ಕುಳ್ಳ ಲಕ್ಷ್ಮಿ" ಅಂತ. ಕಾರ್ಡ್ ಮೇಲೆ ಹೆಸರಿನ ಜೊತೆ ಬಣ್ಣವೋ ಚಿತ್ರವೋ ಇರಲಿ, ಓದಲು ಬಾರದವರಿಗೂ ಇದು ನನ್ನದು ಅಂತ ಗೊತ್ತಾಗುವಂತೆ.

ಪ್ರಯೋಗಕ್ಕೆ ಹೋದಾಗ ರೈಟರ್ ಜೊತೆ ಮಾತ್ರ ಮಾತಾಡಿ ಬರಬೇಡಿ. ಹೆಂಗಸರು ಯಜಮಾನರ ಎದುರು ಬಾಯಿ ಬಿಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೋಗಿ ಕೂತುಕೊಳ್ಳಿ, ಮಾತು ತಾನೇ ಬರುತ್ತದೆ. ನಿಮ್ಮ ಜೊತೆ ಒಬ್ಬ ಹೆಣ್ಣುಮಗಳು ಇದ್ದರೆ ಇನ್ನೂ ಒಳ್ಳೆಯದು.

ಒಲೆಯ ವಿಷಯದಲ್ಲೂ ಇದೇ ಆಗಿದ್ದು. ಒಡಿಶಾದಲ್ಲಿ ಹೊಗೆ ಕಡಿಮೆ ಮಾಡುವ ಒಲೆ ಕೊಟ್ಟು ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತಿಬ್ಬರು ನಾಲ್ಕು ವರ್ಷದವರೆಗೆ ಮನೆಮನೆ ನೋಡಿದ್ದರು. ಲ್ಯಾಬಿನಲ್ಲಿ ಒಲೆ ಚೆನ್ನಾಗಿತ್ತು. ಮನೆಗಳಲ್ಲಿ ಮೊದಲ ವರ್ಷ ಅಡುಗೆ ಮಾಡುವವರು ಸೇವಿಸುವ ಹೊಗೆ ಕಡಿಮೆಯಾಯಿತು, ಆಮೇಲೆ ಏನೂ ವ್ಯತ್ಯಾಸ ಉಳಿಯಲಿಲ್ಲ. ಏಕೆಂದರೆ ಒಲೆಯನ್ನು ಜನ ದಿನಾ ಬಳಸಲಿಲ್ಲ, ಚಿಮಣಿ ಸ್ವಚ್ಛ ಮಾಡಿ ಇಟ್ಟುಕೊಳ್ಳಲಿಲ್ಲ. ನೀರು ಎಷ್ಟು ಬೇಗ ಕುದಿಯಿತು ಅಂತ ಲ್ಯಾಬಿನಲ್ಲಿ ಅಳೆಯುವುದು ಬೇರೆ, ಅದೇ ಒಲೆಯ ಮೇಲೆ ಒಬ್ಬಳು ಮೂರು ವರ್ಷ ರೊಟ್ಟಿ ಬೇಯಿಸುವುದು ಬೇರೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಅನ್ನುವ ವಿಭಾಗ ಶುರು ಮಾಡಿ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಒಂದು ಕೇಂದ್ರ ಮಾಡಿಕೊಂಡಿದ್ದರು. ಕ್ಯಾಂಪಸ್ಸಿನಲ್ಲಿ ಕೂತು ಹಳ್ಳಿಗೆ ಏನು ಬೇಕು ಅಂತ ಗೊತ್ತಾಗುವುದಿಲ್ಲ ಅಂತ ಅವರಿಗೆ ತಿಳಿದಿತ್ತು.

---

ಚಿಕ್ಕಮಗಳೂರು_ವರ್ಕ್‌ಶಾಪ್:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೀಗೆ ಪ್ರಯೋಗ, ತಿದ್ದುವುದು, ಮತ್ತೆ ಪ್ರಯೋಗ ಅಂತ ಹೋದರೆ ಮಾಲು ಯಾವಾಗ ಹೊರಗೆ ಬರುತ್ತದೆ? ಸಣ್ಣವರ ಹತ್ತಿರ ಅಷ್ಟು ದುಡ್ಡು ಇರುವುದಿಲ್ಲ. ನಾವು ಪಲ್ಪರ್ ಬಿಡಿಭಾಗ ಮಾಡುವಾಗ ಮಾರಿಯೇ ಕಲಿಯುವುದು. ಗಿರಾಕಿ ತಂದು ಬಿಸಾಕಿ ಬೈದು ಹೋಗುತ್ತಾನೆ, ನಾವು ತಿದ್ದುತ್ತೇವೆ. ದುಡ್ಡು ಕೊಟ್ಟು ತೆಗೆದುಕೊಂಡವನು ಹೇಳುವಷ್ಟು ನಿಜ ಪುಕ್ಕಟೆ ಪಡೆದವನು ಹೇಳುವುದಿಲ್ಲ. 40 ಬೇಡ, 10 ಮಾಡಿ ಮಾರಿ. ಅದೇ ಪ್ರಯೋಗ.

---

ಅರಸೀಕೆರೆ_ಡಿಸೈನರ್:

ದುಡ್ಡು ಕೊಟ್ಟವರು ನಿಜ ಹೇಳುತ್ತಾರೆ ಅನ್ನುವುದನ್ನು ಒಪ್ಪುತ್ತೇನೆ. 10 ಅನ್ನುವುದೂ 40ಕ್ಕಿಂತ ಎಷ್ಟೋ ಮೇಲು. ಆದರೆ ಸಾರ್, ಪಲ್ಪರ್ ಭಾಗ ಕೆಟ್ಟರೆ ನಷ್ಟ ತೆಗೆದುಕೊಂಡ ಯಜಮಾನರಿಗೆ, ಅವರು ನಿಮ್ಮ ಅಂಗಡಿಗೆ ಬಂದು ಬೈಯಬಹುದು. ಇಲ್ಲಿ ಮೆಷಿನ್ ಕೊಳ್ಳುವವರು ಒಬ್ಬರು, ತೂಕ ತಪ್ಪಾದರೆ ಕೂಲಿ ಕಳೆದುಕೊಳ್ಳುವವರು ಇನ್ನೊಬ್ಬರು. ಕಳೆದುಕೊಂಡವರು ಹಾಸನಕ್ಕೆ ಬಂದು ಬೈಯುವುದಿಲ್ಲ, ಅವರ ದೂರು ತಯಾರಿಸಿದವರಿಗೆ ತಲುಪುವುದೇ ಇಲ್ಲ. ಹಾಗಾಗಿ ಮಾರಿ ಕಲಿಯುವ ದಾರಿ ಈ ಮಾಲಿಗೆ ಸರಿಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಮೊದಲ ಸೀಸನ್ ಪೂರ್ತಿ ನೋಟ್‌ಬುಕ್ಕೂ ಮೆಷಿನ್ನೂ ಎರಡೂ ಜೊತೆಗೆ ನಡೆಯಬೇಕು.

---

ಮೂಡಿಗೆರೆ_ಮೆಣಸು:

ವರ್ಕ್‌ಶಾಪ್ ಅಣ್ಣನಿಗೆ ನಮ್ಮ ಕಡೆಯ ಏಣಿ ನೆನಪಿಸುತ್ತೇನೆ. ಕಾಳುಮೆಣಸು ಕೊಯ್ಯಲು ಮೊದಲು ಬಿದಿರಿನ ಏಣಿ ಇತ್ತು, ಭಾರ, ಮಳೆಗೆ ಕೊಳೆಯುತ್ತದೆ. ಅಲ್ಯುಮಿನಿಯಂ ಏಣಿ ಬಂತು. ಹಗುರ, ಗಟ್ಟಿ, ಒಬ್ಬನೇ ಹೊತ್ತು ಮರದಿಂದ ಮರಕ್ಕೆ ಹೋಗಬಹುದು. ಭಾರ ಹಾಕಿ ಪರೀಕ್ಷೆ ಮಾಡಿದರೆ ಎಲ್ಲದರಲ್ಲೂ ಅದೇ ಮೇಲು. ಆದರೆ ನಮ್ಮ ತೋಟಗಳ ಮಧ್ಯೆಯೇ ಕರೆಂಟ್ ಲೈನ್ ಹಾದುಹೋಗಿದೆ. ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿಯ ತುದಿಗೆ ಏಣಿ ಇಡಲು ನೆಟ್ಟಗೆ ಎತ್ತಿ ತಿರುಗಿಸುವಾಗ ತಂತಿಗೆ ತಗುಲುತ್ತದೆ. ಹಾಗೆ ಜನ ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರು ಎರಡೂ ಕಡೆಯಿಂದ ಮತ್ತೆ ಮತ್ತೆ ಬರುತ್ತದೆ. ಈಗ ಫೈಬರ್ ಏಣಿ ಬಂದಿದೆ, ಆದರೂ ಅಲ್ಯುಮಿನಿಯಂ ಇನ್ನೂ ಎಲ್ಲ ಕಡೆ ಇದೆ. ಏಣಿಯನ್ನು ಮರಕ್ಕೆ ಒರಗಿಸಿ ಹತ್ತುವುದನ್ನು ಮಾತ್ರ ನೋಡಿದರೆ ಸಾಲದು, ಹೊತ್ತುಕೊಂಡು ಹೋಗುವುದು, ಎತ್ತುವುದು, ಸಂಜೆ ಇಳಿಸುವುದು ಎಲ್ಲ ನೋಡಬೇಕು. ತಮ್ಮಾ, ನಿಮ್ಮ ಮೆಷಿನ್ ತೂಗುವ ಹೊತ್ತಿನಲ್ಲಿ ಮಾತ್ರ ಅಲ್ಲ, ಟ್ರ್ಯಾಕ್ಟರ್‌ನಲ್ಲಿ ಚೀಲಗಳ ಮಧ್ಯೆ ಕುಲುಕಿಕೊಂಡು ಹೋಗುವಾಗ, ರಾತ್ರಿ ಕರೆಂಟ್ ಇಲ್ಲದ ರೈಟರ್ ಮನೆಯಲ್ಲಿ ಚಾರ್ಜಿಗೆ ಇಟ್ಟಾಗ ಏನಾಗುತ್ತದೆ ನೋಡಿ.

---

ಹಾಸನ_ಲೆಕ್ಕ:

ಒಂದೇ ವಿಷಯ. 2009ರ ಕಾನೂನು ಮಾಪನಶಾಸ್ತ್ರ (ತೂಕ, ಅಳತೆ) ಕಾಯ್ದೆ ಪ್ರಕಾರ ವ್ಯಾಪಾರದ ತಕ್ಕಡಿಗೆ ಮಾತ್ರ ಅಲ್ಲ, ಮಾಡಿದ ಕೆಲಸ ಅಳೆದು ಕೂಲಿ ಕೊಡುವ ತಕ್ಕಡಿಗೂ ಇಲಾಖೆಯ ಪರಿಶೀಲನೆ, ಮುದ್ರೆ ಬೇಕು. ತಯಾರಿಸಿ ಮಾರುವವರಿಗೆ ಮಾಡೆಲ್ ಅನುಮೋದನೆ, ಲೈಸೆನ್ಸ್ ಎರಡೂ ಬೇಕು. 40 ಇರಲಿ 10 ಇರಲಿ, ಮಾರುವ ಮಾತಿಗೆ ಮೊದಲು ಹಾಸನದ ಇಲಾಖೆ ಕಚೇರಿಗೆ ಹೋಗಿ ಕೇಳಿ ಬನ್ನಿ. ಅದಕ್ಕೂ ಸಮಯ ಹಿಡಿಯುತ್ತದೆ, ಸ್ನೇಹಿತನಿಗೆ ಹೇಳಿ.

---

ಹಾಸನ_ಎಲೆಕ್ಟ್ರಾನಿಕ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ನೇಹಿತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿಸಿದೆ. ಮಾಡೆಲ್ ಅನುಮೋದನೆ ವಿಷಯ ಓದಿದ ಮೇಲೆ 40ರ ಮಾತು ಅವನೇ ಬಿಟ್ಟ. ಈಗ ಇರುವ ಮೂರು ಮೆಷಿನ್‌ಗೆ ಎರಡೂ ಕಡೆ ದೊಡ್ಡ ಅಂಕಿ ಹಾಕುತ್ತಿದ್ದೇವೆ, ತೂಕ ಹೇಳುವ ಸ್ಪೀಕರ್ ಕೂಡ. ಬಾಳೆಹೊನ್ನೂರು ಅಕ್ಕ ಬರೆದದ್ದು ಓದಿ ನನ್ನ ತಲೆಯಲ್ಲಿ ಬಳಕೆದಾರ ಅಂದರೆ ಯಾರು ಅನ್ನುವುದೇ ಬದಲಾಯಿತು. ಚೀಲದ ತೂಕ ಎಷ್ಟು ಕಳೆಯಿತು ಅನ್ನುವುದೂ ಅಂಕಿಯ ಕೆಳಗೆ ಕಾಣುತ್ತದೆ. ಒಂದು ಚೀಲಕ್ಕೆ ಇಬ್ಬರು ಅನ್ನುವುದಕ್ಕೆ ಆಪ್ ಬದಲಿಸಬೇಕು, ಅದು ಸುಲಭ ಅಲ್ಲ, ಆದರೆ ಮಾಡುತ್ತೇವೆ.

ಎರಡು ಪ್ರಶ್ನೆ ಉಳಿದಿದೆ. ಕೊಯ್ಲು ನಡೆಯುವಾಗ ಪ್ರಯೋಗ ಮಾಡಿದರೆ ಸಾಲು ನಿಧಾನ ಆಗುತ್ತದೆ, ಅದಕ್ಕೆ ಯಾವ ತೋಟದವರು ಒಪ್ಪುತ್ತಾರೆ? ನಿಂತು ಕಾಯುವ ಕೂಲಿಯವರಿಗೆ ನಾವು ಏನಾದರೂ ಕೊಡಬೇಕಾ?

---

ಆಲೂರು_ತೋಟದವರು:

ಫ್ಲೈ ಪಿಕಿಂಗ್‌ಗೆ ಬನ್ನಿ. ದೊಡ್ಡ ಕೊಯ್ಲಿಗೆ ಮೊದಲು ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯುತ್ತೇವಲ್ಲ, ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ. ಜನ ಕಡಿಮೆ, ಚೀಲ ಕಡಿಮೆ, ಟ್ರ್ಯಾಕ್ಟರ್‌ಗೂ ಅಷ್ಟು ಅವಸರ ಇಲ್ಲ. ಕೈಗೆ ಅಂಟು, ಮಂಜು, ಇಳಿಜಾರು ಎಲ್ಲ ಅದೇ. ಅಲ್ಲಿ ಸಿಕ್ಕ ತೊಂದರೆ ತಿದ್ದಿಕೊಂಡು ಡಿಸೆಂಬರ್‌ನಲ್ಲಿ ದೊಡ್ಡ ಕೊಯ್ಲಿಗೆ ಒಂದು ಗ್ಯಾಂಗ್‌ಗೆ ಮಾತ್ರ ಹಾಕಿ, ಉಳಿದವರು ಹಳೆಯ ತಕ್ಕಡಿಯಲ್ಲೇ ತೂಗಲಿ. ಆ ಸಾಲಿನ ಗಲಾಟೆ ಫ್ಲೈ ಪಿಕಿಂಗ್‌ನಲ್ಲಿ ಸಿಗುವುದಿಲ್ಲ, ಅದಕ್ಕೇ ಎರಡೂ ಬೇಕು. ರೊಬಸ್ಟಾ ಹೊತ್ತಿಗೆ ಮತ್ತೆ ಬನ್ನಿ.

ಕೂಲಿ ವಿಷಯ. ಖಂಡಿತ ಕೊಡಬೇಕು. ಕೆಜಿ ಲೆಕ್ಕದಲ್ಲಿ ದುಡಿಯುವವರಿಗೆ ನಿಂತ ಹೊತ್ತು ಅಂದರೆ ದುಡ್ಡು. ಅರ್ಧ ಗಂಟೆ ತಡವಾದರೆ ಅರ್ಧ ಗಂಟೆಯ ಕೂಲಿ ಲೆಕ್ಕ ಹಾಕಿ ಅವತ್ತೇ ಕೈಗೆ ಕೊಡಿ, ಬಟವಾಡೆವರೆಗೆ ಇಟ್ಟುಕೊಳ್ಳಬೇಡಿ. ತೂಕದ ಕೂಲಿ ಮಾತ್ರ ಹಳೆಯ ತಕ್ಕಡಿ, ನೋಟ್‌ಬುಕ್ ಪ್ರಕಾರವೇ ಆಗಲಿ. ಮೆಷಿನ್ ಲೆಕ್ಕ ಪಕ್ಕದಲ್ಲಿ ಬರೆದು ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಎಲ್ಲರ ಎದುರೇ ಓದಿ ಹೇಳಿ.

ನನ್ನ ತೋಟ ಕೊಡುತ್ತೇನೆ. ನಿಮಗೂ ನನಗೂ ಪರಿಚಯ ಇಲ್ಲ, ಡಿಸೈನರ್ ಸಾರ್ ಹೇಳಿದ ಹಾಗೆಯೇ ಆಯಿತು. ನಮ್ಮ ರೈಟರ್‌ಗೆ ಈಗಲೇ ಹೇಳಿದ್ದೇನೆ, ಅವನು ಮೊದಲು ಕೇಳಿದ್ದು ಮೊಬೈಲ್ ಸ್ವಿಚ್ ಆಫ್ ಆದರೆ ಅಷ್ಟು ಹೊತ್ತಿನ ತೂಕ ಎಲ್ಲಿ ಹೋಗುತ್ತದೆ ಅಂತ. ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬನ್ನಿ, ಹಣ್ಣಿನ ಬಣ್ಣ ತಿರುಗಲು ಶುರುವಾದ ಕೂಡಲೇ ಇಲ್ಲೇ ಬರೆಯುತ್ತೇನೆ.